‘ಐ’ ಎಲ್ಲಿ, ‘ಮಿ’ ಎಲ್ಲಿ?

ಪರೀಕ್ಷೆ ಹತ್ತಿರ ಬಂತೆಂದರೆ ನಮ್ಮ ಕನ್ನಡ ಮನೆಗಳಲ್ಲಿ ಒಂದು ಚಿಂತೆ ತಪ್ಪದು. ಕನ್ನಡ ಮಾಧ್ಯಮದ ಮಕ್ಕಳು ಇಂಗ್ಲಿಷಿನಲ್ಲಿ ಹಿಂದೆ ಬೀಳುವರೇ? ಮೊನ್ನೆ ನೆರೆಮನೆಯ ಹುಡುಗನ ಪುಸ್ತಕದಲ್ಲಿ ಒಂದು ವಾಕ್ಯ ಕಂಡೆವು: ‘ಮಾಸ್ಟರ್ ಗೇವ್ ಎ ಬುಕ್ ಟು ರವಿ ಆಂಡ್ ಐ.’ ತಂದೆ ಸರಿಯೆಂದರು. ಅಕ್ಕ ‘ಮಿ’ ಆಗಬೇಕೆಂದಳು. ಏಕೆಂದು ಹೇಳಲು ಇಬ್ಬರಿಗೂ ಬರಲಿಲ್ಲ.

ಅಕ್ಕನ ಮಾತೇ ಸರಿ. ರವಿಯನ್ನು ಒಂದು ಗಳಿಗೆ ವಾಕ್ಯದಿಂದ ಹೊರಗೆ ನಿಲ್ಲಿಸಿ ನೋಡೋಣ. ‘ಟು ಐ’ ಎಂದು ಯಾರೂ ಹೇಳರು. ‘ಟು ಮಿ’ ಎಂದೇ ಹೇಳುವರು. ಹಾಗೆಯೇ ‘ಮಿ ಆಂಡ್ ರವಿ ವೆಂಟ್’ ಎಂಬಲ್ಲಿ ರವಿಯನ್ನು ತೆಗೆದರೆ ‘ಮಿ ವೆಂಟ್’ ಉಳಿಯುತ್ತದೆ. ಅದು ತಪ್ಪೆಂದು ಕಿವಿಯೇ ಹೇಳುತ್ತದೆ. ‘ಬಿಟ್ವೀನ್’ ಎಂಬ ಪದಕ್ಕೆ ಇಬ್ಬರು ಬೇಕಾದುದರಿಂದ ಅಲ್ಲಿ ಒಬ್ಬರನ್ನು ತೆಗೆಯುವಂತಿಲ್ಲ. ಆಗ ಇಬ್ಬರಿಗೂ ಸೇರಿ ‘ವಿ’ ಅಥವಾ ‘ಅಸ್’ ಹಾಕಬೇಕು. ‘ಬಿಟ್ವೀನ್ ಅಸ್’ ಸರಿಯಾದ್ದರಿಂದ ‘ಬಿಟ್ವೀನ್ ಯು ಆಂಡ್ ಮಿ’ ಎಂಬುದೇ ಸರಿ.

ಇದು ಕರ್ತೃ, ಕರ್ಮಗಳ ವಿಚಾರ. ಹಳೆಯ ಇಂಗ್ಲಿಷಿನಲ್ಲಿ ನಾಮಪದಗಳಿಗೂ ವಿಭಕ್ತಿ ಪ್ರತ್ಯಯಗಳಿದ್ದವು. ಕಾಲಕ್ರಮದಲ್ಲಿ ಅವು ಬಹುಮಟ್ಟಿಗೆ ಸವೆದುಹೋದವು. ‘ಐ–ಮಿ’, ‘ಹಿ–ಹಿಮ್’, ‘ಶಿ–ಹರ್’, ‘ದೇ–ದೆಮ್’ ಮುಂತಾದ ಸರ್ವನಾಮಗಳಲ್ಲಿ ಮಾತ್ರ ಆ ಭೇದ ಉಳಿಯಿತು. ನಮ್ಮ ಮಕ್ಕಳಿಗೆ ವಿಭಕ್ತಿ ಹೊಸತೇ? ಮನೆಯಲ್ಲಿ ‘ನಾನು, ನನ್ನನ್ನು, ನನಗೆ’. ತುಳುವಿನಲ್ಲಿ ‘ಯಾನ್, ಎಂಕ್’. ಪೇಟೆಯ ಮಲಯಾಳದಲ್ಲಿ ‘ಞಾನ್, ಎನಿಕ್ಕ್’. ಇವನ್ನೆಲ್ಲ ತಪ್ಪಿಲ್ಲದೆ ಆಡುವ ಮಗುವಿಗೆ ‘ಮಿ’ ಕಬ್ಬಿಣದ ಕಡಲೆಯಲ್ಲ. ನಮ್ಮ ದ್ವಿತೀಯೆಗೂ ಚತುರ್ಥಿಗೂ ಇಂಗ್ಲಿಷಿನಲ್ಲಿ ಅದೊಂದೇ ರೂಪ.

ಆದರೆ ಇಲ್ಲೊಂದು ಗುಂಡಿಯಿದೆ. ‘ನನಗೆ ಹಸಿವಾಗಿದೆ’ ಎಂಬಲ್ಲಿ ‘ನನಗೆ’ ಇದೆಯೆಂದು ‘ಮಿ’ ಹಾಕಿದರೆ ಕೆಟ್ಟಿತು. ಕನ್ನಡದ ಕ್ರಿಯಾಪದ ಹಸಿವನ್ನು ಅನುಸರಿಸುತ್ತದೆ, ಇಂಗ್ಲಿಷಿನದು ಹಸಿದವನನ್ನು. ಆದ್ದರಿಂದ ‘ಐ ಆಮ್ ಹಂಗ್ರಿ’. ‘ನನಗೆ ಗೊತ್ತು’ ಎಂಬುದೂ ಹೀಗೆಯೇ ‘ಐ ನೋ’ ಆಗುತ್ತದೆ.

ತಪ್ಪಿದ ಮಗುವನ್ನು ಹಂಗಿಸುವುದು ಬೇಡ. ಷೇಕ್ಸ್‌ಪಿಯರನ ‘ಮರ್ಚೆಂಟ್ ಆಫ್ ವೆನಿಸ್’ ನಾಟಕದಲ್ಲಿ ಬರುವ ಪತ್ರವೊಂದರಲ್ಲೂ ‘ಬಿಟ್ವೀನ್’ ನಂತರ ‘ಐ’ ಇದೆ. ಬಾಗಿಲು ತಟ್ಟಿದವರು ‘ಇಟ್ ಈಸ್ ಐ’ ಎನ್ನಬೇಕೆಂದು ಹಳೆಯ ವ್ಯಾಕರಣಕಾರರು ಹಟ ಹಿಡಿದರೂ, ಇಂಗ್ಲಿಷರು ಆಡುಮಾತಿನಲ್ಲಿ ‘ಇಟ್ಸ್ ಮಿ’ ಎನ್ನುತ್ತಾರೆ.

ಇಂಗ್ಲಿಷ್ ಬರಲೆಂದು ಮಕ್ಕಳನ್ನು ಕನ್ನಡ ತರಗತಿಯಿಂದ ಬಿಡಿಸುವ ಯೋಚನೆಯಲ್ಲಿರುವ ಹೆತ್ತವರು ಒಮ್ಮೆ ಆಲೋಚಿಸಲಿ. ಕನ್ನಡ ಮಾಸ್ತರರು ಹೇಳಿಕೊಟ್ಟ ವಿಭಕ್ತಿಯ ಪಾಠ ಇಂಗ್ಲಿಷ್ ಪರೀಕ್ಷೆಯಲ್ಲಿಯೂ ಕೈ ಹಿಡಿಯುತ್ತದೆ. ಆ ಹುಡುಗ ಈಗ ‘ಐ’ ಹೊಡೆದು ‘ಮಿ’ ಬರೆದಿದ್ದಾನೆ. ಕಾರಣವನ್ನು ತಂದೆಗೆ ಅವನೇ ಕನ್ನಡದಲ್ಲಿ ವಿವರಿಸಿದ.