ಮರದ ಸುತ್ತಳತೆಯೂ ವರ್ಗದ ಲೆಕ್ಕವೂ

ಮನೆ ಕಟ್ಟಿಸುವವರು ಬಾಗಿಲು ಕಿಟಕಿಗಳಿಗೆ ನಾಟಾ ಕೊಳ್ಳಲು ಹೊರಟಾಗ, ಇಲ್ಲವೆ ತೋಟದ ಅಂಚಿನಲ್ಲಿ ಬೆಳೆಸಿದ ಸಾಗವಾನಿಯನ್ನು ಮಾರಲು ಹೊರಟಾಗ, ಒಂದು ಪ್ರಶ್ನೆ ಎದುರಾಗುತ್ತದೆ. ಉದ್ದ ಒಂದೇ ಆಗಿದ್ದರೆ, 80 ಸೆಂಟಿಮೀಟರ್ ಸುತ್ತಳತೆಯ ಎರಡು ದಿಮ್ಮಿಗಳು 160 ಸೆಂಟಿಮೀಟರ್ ಸುತ್ತಳತೆಯ ಒಂದು ದಿಮ್ಮಿಗೆ ಸಮವೇ? ಮೇಲ್ನೋಟಕ್ಕೆ ಸಮವೆಂದೇ ತೋರುತ್ತದೆ. ಆದರೆ ಹಾಗೆಂದು ನಂಬಿ ದೊಡ್ಡ ದಿಮ್ಮಿಯನ್ನು ಕೊಟ್ಟು ಚಿಕ್ಕವೆರಡನ್ನು ಪಡೆದವರು ತಮ್ಮ ಮರದ ಅರ್ಧ ಭಾಗವನ್ನು ಪುಕ್ಕಟೆಯಾಗಿ ಬಿಟ್ಟುಕೊಟ್ಟಂತೆಯೇ ಸರಿ. ಅದು ಹೇಗೆಂಬುದನ್ನು ಶಾಲೆಯ ಬೀಜಗಣಿತದಿಂದಲೇ ನೋಡೋಣ.

ಈ ಲೆಕ್ಕವು ದಿನಬಳಕೆಯದಾಗಿರುವುದು ಉತ್ತರ ಕನ್ನಡದ ಸೂಪಾ ಸೀಮೆಯಲ್ಲಿ. ಹಳೆಯ ಸೂಪಾ ಊರು 1980ರ ದಶಕದಲ್ಲಿ ಕಾಳಿ ನದಿಯ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ಇಂದು ಆ ತಾಲ್ಲೂಕಿನ ಮುಖ್ಯಸ್ಥಳ ಜೊಯಿಡಾ. ಸುತ್ತಲಿನ ಕಾಡು ಸಾಗವಾನಿಗೆ ಹೆಸರಾದುದು. ನೆರೆಯ ದಾಂಡೇಲಿಯಲ್ಲಿ ಅರಣ್ಯ ಇಲಾಖೆಯ ನಾಟಾ ಡಿಪೋ ಇದೆ. ಅಂಥ ಡಿಪೋಗಳಲ್ಲಿ ದಿಮ್ಮಿಯ ಉದ್ದವನ್ನೂ ನಡುಭಾಗದ ಸುತ್ತಳತೆಯನ್ನೂ ಟೇಪು ಹಿಡಿದು ಅಳೆದು, ಘನಫಲವನ್ನು ಗೊತ್ತುಮಾಡಿ, ಹರಾಜಿಗೆ ಇಡುತ್ತಾರೆ.

ಘನಫಲ ತೆಗೆಯುವ ಹಳೆಯ ಕ್ರಮ ಬಹು ಸರಳವಾದುದು: ಸುತ್ತಳತೆಯ ಕಾಲುಭಾಗವನ್ನು ಅದರಿಂದಲೇ ಗುಣಿಸಿ, ಬಂದುದನ್ನು ಉದ್ದದಿಂದ ಗುಣಿಸಬೇಕು. ಇಂಗ್ಲೆಂಡಿನ ಎಡ್ವರ್ಡ್ ಹಾಪಸ್ ಎಂಬಾತನು 1736ರಲ್ಲಿ ಪ್ರಕಟಿಸಿದ ಕೋಷ್ಟಕಗಳಿಂದ ಈ ಕ್ರಮಕ್ಕೆ ಪ್ರಸಿದ್ಧಿ ಬಂದಿತು.

ಈಗ 4 ಮೀಟರ್ ಉದ್ದದ ದಿಮ್ಮಿಗಳನ್ನೇ ತೆಗೆದುಕೊಳ್ಳಿ. ಸುತ್ತಳತೆ 80 ಸೆಂಟಿಮೀಟರ್, ಎಂದರೆ 0.8 ಮೀಟರ್. ಅದರ ಕಾಲುಭಾಗ 0.2, ಅದರ ವರ್ಗ 0.04, ಉದ್ದದಿಂದ ಗುಣಿಸಿದರೆ 0.16 ಘನಮೀಟರ್. ಸುತ್ತಳತೆ 1.6 ಮೀಟರ್ ಆದರೆ ಕಾಲುಭಾಗ 0.4, ಅದರ ವರ್ಗ 0.16, ಘನಫಲ 0.64 ಘನಮೀಟರ್. ಸುತ್ತಳತೆ ಎರಡರಷ್ಟಾಯಿತು, ಮರ ನಾಲ್ಕರಷ್ಟಾಯಿತು. ಚಿಕ್ಕ ದಿಮ್ಮಿಗಳು ಎರಡಲ್ಲ, ನಾಲ್ಕು ಸೇರಿದರೆ ದೊಡ್ಡದೊಂದಕ್ಕೆ ಸಮ.

ಇದನ್ನೇ ಬೀಜಗಣಿತವು ‘ಘನಫಲವು ಸುತ್ತಳತೆಯ ವರ್ಗಕ್ಕೆ ನೇರ ಅನುಪಾತದಲ್ಲಿದೆ’ ಎಂದು ಹೇಳುತ್ತದೆ. ಘನಫಲವನ್ನು ಘ ಎಂದೂ ಸುತ್ತಳತೆಯನ್ನು ಸ ಎಂದೂ ಕರೆದರೆ,

ಘ = ಕ × ಸ²

ಇಲ್ಲಿ ಕ ಎಂಬುದು ಸ್ಥಿರಾಂಕ, ಎಂದರೆ ಬದಲಾಗದ ಸಂಖ್ಯೆ. ಇಂಥ ಲೆಕ್ಕಗಳನ್ನು ಬಿಡಿಸಲು ಮೂರೇ ಹೆಜ್ಜೆ ಸಾಕು.

ಮೊದಲನೆಯದಾಗಿ, ತಿಳಿದಿರುವ ಒಂದು ಜೋಡಿಯಿಂದ ಸ್ಥಿರಾಂಕವನ್ನು ಕಂಡುಹಿಡಿಯಿರಿ. 0.8ರ ವರ್ಗ 0.64, ಘನಫಲ 0.16. ಆದುದರಿಂದ ಕ = 0.16 ÷ 0.64 = 0.25.

ಎರಡನೆಯದಾಗಿ, ಆ ಸ್ಥಿರಾಂಕವನ್ನು ಸೂತ್ರದಲ್ಲಿ ಇಟ್ಟುಬಿಡಿ: ಘ = 0.25 × ಸ².

ಮೂರನೆಯದಾಗಿ, ಬೇಕಾದ ಬೆಲೆಯನ್ನು ಹಾಕಿ ಉತ್ತರ ಪಡೆಯಿರಿ. ಸುತ್ತಳತೆ 1.2 ಮೀಟರ್ ಆದರೆ ಅದರ ವರ್ಗ 1.44, ಘನಫಲ 0.36 ಘನಮೀಟರ್. ವರ್ಗ ಮಾಡುವುದನ್ನು ಮರೆತು ಬರಿಯ ತ್ರೈರಾಶಿಕ ಹಾಕಿದವರಿಗೆ ಬರುವುದು 0.24, ಮರದ ಮೂರನೆಯ ಒಂದು ಪಾಲು ಲೆಕ್ಕದಿಂದ ಜಾರಿಹೋಯಿತು. ತ್ರೈರಾಶಿಕ ತಪ್ಪಲ್ಲ, ಮೊದಲು ವರ್ಗ, ಅನಂತರ ತ್ರೈರಾಶಿಕ, ಇಷ್ಟು ನೆನಪಿದ್ದರೆ ಸಾಕು.

ಲೆಕ್ಕವನ್ನು ಹಿಂದುಮುಂದು ಮಾಡಿಯೂ ಕೇಳಬಹುದು. ನಿಮಗೆ 0.49 ಘನಮೀಟರ್ ನಾಟಾ ಬೇಕು; 4 ಮೀಟರ್ ಉದ್ದದ ಎಷ್ಟು ದಪ್ಪನೆಯ ದಿಮ್ಮಿಯನ್ನು ಆರಿಸಬೇಕು? 0.49ನ್ನು 0.25ರಿಂದ ಭಾಗಿಸಿದರೆ 1.96. ಇದು ಸುತ್ತಳತೆಯ ವರ್ಗ. ಅದರ ವರ್ಗಮೂಲ 1.4. ಎಂದರೆ 140 ಸೆಂಟಿಮೀಟರ್ ಸುತ್ತಳತೆಯ ದಿಮ್ಮಿ. ಇಲ್ಲಿ ವರ್ಗಮೂಲ ತೆಗೆಯದೆ ನಿಂತುಬಿಡುವುದು ಮಕ್ಕಳು ಸಾಮಾನ್ಯವಾಗಿ ಮಾಡುವ ತಪ್ಪು.

ಉದ್ದ ಬದಲಾದರೆ ಸ್ಥಿರಾಂಕವೂ ಬದಲಾಗುತ್ತದೆ ಎಂಬುದನ್ನು ಗಮನಿಸಿ. ಅದು ಉದ್ದದ ಹದಿನಾರನೆಯ ಒಂದು ಪಾಲು; 4 ಮೀಟರಿಗೆ 0.25 ಆದದ್ದು ಅದರಿಂದಲೇ.

ಮರ ಗುಂಡಗಿರುವಾಗ ಕಾಲುಭಾಗದ ವರ್ಗ ಹೇಗೆ ಸರಿಯಾದೀತು ಎಂದು ನೀವು ಕೇಳಬಹುದು. ಅದು ಪೂರ್ತಿ ಸರಿಯಲ್ಲ. ಗುಂಡನೆಯ ದಿಮ್ಮಿಯ ನಿಜವಾದ ಘನಫಲಕ್ಕೆ ಹೋಲಿಸಿದರೆ ಈ ಕ್ರಮದಲ್ಲಿ ಬರುವುದು ನೂರಕ್ಕೆ ಸುಮಾರು 78.5 ಮಾತ್ರ. ಕೊಯ್ಯುವಾಗ ಹೊಟ್ಟಾಗಿಯೂ ಹೊರಚಕ್ಕೆಯಾಗಿಯೂ ಹೋಗುವ ಭಾಗಕ್ಕೆ ಇದು ರಿಯಾಯಿತಿಯೆಂದು ಭಾವಿಸುತ್ತಾರೆ. ಎರಡು ಕ್ರಮಗಳಲ್ಲಿಯೂ ಬೇರೆಯಾಗುವುದು ಸ್ಥಿರಾಂಕವಷ್ಟೆ. ವರ್ಗದ ಸಂಬಂಧ ಒಂದೇ. ದಪ್ಪ ಇಮ್ಮಡಿಸಿದರೆ ಯಾವ ಕ್ರಮದಲ್ಲಿಯೂ ಮರ ನಾಲ್ಮಡಿಯೇ.

ಈ ಸಂಬಂಧದಿಂದ ಮತ್ತೊಂದು ಎಚ್ಚರಿಕೆಯೂ ಹುಟ್ಟುತ್ತದೆ. ಟೇಪು ಸಡಿಲವಾಗಿಯೋ ಓರೆಯಾಗಿಯೋ ಸುತ್ತಿದ್ದರಿಂದ 120 ಸೆಂಟಿಮೀಟರ್ 126 ಎಂದು ಬಂತೆನ್ನಿ. ಅಳತೆಯ ತಪ್ಪು ನೂರಕ್ಕೆ 5. ಆದರೆ ಘನಫಲ 0.36ರ ಬದಲು ಸುಮಾರು 0.397 ಆಗುತ್ತದೆ, ನೂರಕ್ಕೆ 10ಕ್ಕಿಂತ ಮಿಗಿಲಾದ ತಪ್ಪು. ಆದುದರಿಂದ ಕೊಳ್ಳುವವರಾಗಲಿ ಮಾರುವವರಾಗಲಿ, ಉದ್ದಕ್ಕಿಂತ ಸುತ್ತಳತೆ ಅಳೆಯುವಾಗ ಹೆಚ್ಚು ನಿಗಾ ಇಡಬೇಕು. ದಿಮ್ಮಿಯ ನಟ್ಟನಡುವೆ, ಟೇಪನ್ನು ನೇರವಾಗಿಯೂ ಬಿಗಿಯಾಗಿಯೂ ಸುತ್ತಿಸಿ, ನೀವೇ ಓದಿ ನೋಡುವುದು ಒಳ್ಳೆಯದು.

ಮನೆಯ ಮಕ್ಕಳಿಗೆ ಒಂದು ಲೆಕ್ಕ: 6 ಮೀಟರ್ ಉದ್ದ, 1.2 ಮೀಟರ್ ಸುತ್ತಳತೆಯ ದಿಮ್ಮಿಯ ಘನಫಲವೆಷ್ಟು? ಮೊದಲು ಸ್ಥಿರಾಂಕವನ್ನು ಕಂಡುಕೊಳ್ಳಲಿ. ಉತ್ತರ 0.54 ಘನಮೀಟರ್ ಎಂದು ಬಂದರೆ, ಮುಂದಿನ ಬಾರಿ ನಾಟಾ ಕೊಳ್ಳಲು ಹೋಗುವಾಗ ಅವರನ್ನೂ ಧಾರಾಳವಾಗಿ ಜೊತೆಗೆ ಕರೆದೊಯ್ಯಬಹುದು.