ಉರಿಯುವ ಅಂಕಿಗಳ ಆಯಸ್ಸು

ಗಾಜಿನ ಬುರುಡೆಯೊಳಗೆ ಕೆಂಡದ ಬಣ್ಣದಲ್ಲಿ ಅಂಕಿ ಬೆಳಗುವ ನಿಕ್ಸಿ ನಳಿಕೆ ಮಾರುಕಟ್ಟೆಗೆ ಬಂದದ್ದು 1955ರಲ್ಲಿ, ಅಮೆರಿಕದ ಬರೋಸ್ ಕಂಪನಿಯಿಂದ. ಎಲ್‌ಇಡಿ ಬಂದ ಮೇಲೆ ಅದರ ಕಾಲ ಮುಗಿಯಿತು. ಸೋವಿಯತ್ ಕಾಲದಲ್ಲಿ ತಯಾರಾಗಿ ಮಿಕ್ಕ ಐಎನ್-12, ಐಎನ್-14 ನಳಿಕೆಗಳೇ ಇಂದು ಮನೆಯಲ್ಲಿ ಗಡಿಯಾರ ಕಟ್ಟುವವರಿಗೆ ಹೆಚ್ಚಾಗಿ ಸಿಗುವುದು. ಇಷ್ಟು ಹಳೆಯ ಮಾಲು ಎಷ್ಟು ದಿನ ಬಾಳೀತು ಎಂಬ ಅನುಮಾನ ಸಹಜವೇ. ಆದರೆ ನಿಕ್ಸಿಗೆ ಮುಪ್ಪು ಬರುವುದು ಉರಿದಾಗ. ಗಾಜಿನ ಮೊಹರು ಗಟ್ಟಿಯಿದ್ದರೆ ಡಬ್ಬಿಯಲ್ಲಿ ಕಳೆದ ವರ್ಷಗಳು ಹೆಚ್ಚುಕಡಿಮೆ ಲೆಕ್ಕಕ್ಕಿಲ್ಲ.

ಬಲ್ಬಿನಂತೆ ಕಾದು ಕಡಿಯುವ ತಂತಿ ಇದರಲ್ಲಿಲ್ಲ. ಒಂದರ ಹಿಂದೊಂದು ನಿಂತ ಹತ್ತು ಲೋಹದ ಅಂಕಿಗಳಲ್ಲಿ ಬೇಕಾದ್ದಕ್ಕೆ ಸುಮಾರು 170 ವೋಲ್ಟ್ ಕೊಟ್ಟರೆ ಸುತ್ತಲಿನ ನಿಯಾನ್ ಬೆಳಗುತ್ತದೆ. ಅಯಾನುಗಳ ಹೊಡೆತಕ್ಕೆ ಲೋಹ ಕಣಕಣವಾಗಿ ಸವೆದು ಗಾಜಿಗೂ ಪಕ್ಕದ ಅಂಕಿಗಳಿಗೂ ಮೆತ್ತುತ್ತದೆ. ಮೊದಮೊದಲ ನಳಿಕೆಗಳು ಸುಮಾರು 5,000 ಗಂಟೆಗೇ ಸೋಲುತ್ತಿದ್ದವು. ಹಗಲಿರುಳು ಉರಿಸಿದರೆ ಅದು ಏಳೇ ತಿಂಗಳು. ತುಸು ಪಾದರಸ ಸೇರಿಸಿದ ಮೇಲೆ ಕೆಲವು ಮಾದರಿಗಳ ಬಾಳಿಕೆ 2,00,000 ಗಂಟೆಗೆ, ಅಂದರೆ 22 ವರ್ಷಕ್ಕೂ ಮೇಲಕ್ಕೆ ಏರಿತು. ಇಷ್ಟಾದರೂ ಗಡಿಯಾರದ ನಳಿಕೆಗೊಂದು ಬೇರೆಯೇ ಕಾಯಿಲೆಯುಂಟು. 24 ಗಂಟೆಯ ಲೆಕ್ಕದಲ್ಲಿ ಗಂಟೆಯ ಹತ್ತರ ಸ್ಥಾನ 0, 1, 2 ಬಿಟ್ಟು ಬೇರೇನನ್ನೂ ತೋರಿಸುವುದಿಲ್ಲ. ಉರಿಯದೆ ಕೂತ ಏಳು ಅಂಕಿಗಳ ಮೇಲೆ ಕಿಟ್ಟ ಕಟ್ಟಿ, ಮುಂದೊಮ್ಮೆ ಹೊತ್ತಿಸಿದಾಗ ಅವು ಅರ್ಧಂಬರ್ಧ ಬೆಳಗುತ್ತವೆ. ಸೆಕೆಂಡಿನ ಬಿಡಿ ಸ್ಥಾನದಲ್ಲಿ ಹತ್ತೂ ಸರದಿಯಂತೆ ಉರಿಯುವುದರಿಂದ ಅಲ್ಲಿ ಈ ಕಾಟವಿಲ್ಲ. ಎಲ್ಲ ಅಂಕಿಗಳನ್ನೂ ಆಗಾಗ ಓಡಿಸುವ ಪುಟ್ಟ ಪ್ರೋಗ್ರಾಂ ಇದಕ್ಕೆ ಮದ್ದು. ಹೊಳಪಿನ ಆಸೆಗೆ ಬಿದ್ದು ಹೆಚ್ಚು ಕರೆಂಟು ಹರಿಸಿದರೆ ಮಾತ್ರ ಯಾವ ಮದ್ದೂ ನಾಟದು.

ತುಂಗೆಯ ದಡದ ಮಂಡಗದ್ದೆಯಂಥ ಊರಲ್ಲಿ, ಮಳೆಗಾಲದಲ್ಲಿ ಪುಸ್ತಕಕ್ಕೂ ಬೂಷ್ಟು ಹಿಡಿಯುವಲ್ಲಿ, ಇದೆಲ್ಲ ಬಾಳುವುದುಂಟೇ ಎಂದು ಕೇಳಬಹುದು. ಥಂಡಿ ನಳಿಕೆಯೊಳಗೆ ಹೋಗದು, ಕೆಡುವುದು ಬೋರ್ಡು. ಬೆಸುಗೆ ಹಾಕಿದ ಮೇಲೆ ಫ್ಲಕ್ಸ್ ಒರೆಸದೆ ಬಿಟ್ಟರೆ ಅದು ತೇವ ಹೀರಿ ವಿದ್ಯುತ್ತು ಪಕ್ಕದ ಗೆರೆಗೆ ಸೋರುತ್ತದೆ, ಬೇಡದ ಅಂಕಿಯೂ ಮಸುಕಾಗಿ ಕಾಣುತ್ತದೆ. ಸ್ಪಿರಿಟ್‌ನಲ್ಲಿ ತೊಳೆದು, ಒಣಗಿಸಿ, ಮೇಲೆ ಬೋರ್ಡಿನ ವಾರ್ನಿಷ್ ಬಳಿದರೆ ಮಲೆನಾಡಿನ ಮಳೆಯನ್ನೂ ತಡೆದೀತು. ಕೆಟ್ಟರೆ ಹೊಸದು ತಂದರಾಯಿತು ಎನ್ನುವವರೂ ಇದ್ದಾರೆ. ಚೆಕ್ ದೇಶದ ಡಾಲಿಬೋರ್ ಫಾರ್ನಿ ಹೊಸ ನಳಿಕೆಗಳನ್ನು ಕೈಯಾರೆ ತಯಾರಿಸುತ್ತಿರುವುದು ನಿಜ, ಆದರೆ ಅವು ಬಲು ದುಬಾರಿ. ಹಳೆಯ ದಾಸ್ತಾನು ಖರ್ಚಾಗುತ್ತಲೇ ಇದೆ. ಹಾಗಾಗಿ ಮನೆ ಮಲಗಿರುವ ಎಂಟು ಗಂಟೆ ಗಡಿಯಾರವನ್ನೂ ಆರಿಸಿಡಿ. 2,00,000 ಗಂಟೆಯ ನಳಿಕೆ 34 ವರ್ಷ ಬರುತ್ತದೆ. ಬಿಚ್ಚಿ ನೋಡುವ ಮುನ್ನ ಪ್ಲಗ್ ಕೀಳುವುದನ್ನು ಮರೆಯಬೇಡಿ.