ಅಂಕಣಕ್ಕೆ ಮರಳಿದ ಗೇಟರ್

1967ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಹೈಸ್ಕೂಲು ಬ್ಯಾಸ್ಕೆಟ್‌ಬಾಲ್ ಟೂರ್ನಿಯಲ್ಲಿ ಮೊದಲ ಸಲ ಕಪ್ಪು ಮಕ್ಕಳೂ ಬಿಳಿ ಮಕ್ಕಳೂ ಒಂದೇ ಅಂಕಣಕ್ಕೆ ಇಳಿದರು. ಅಲ್ಲಿಯವರೆಗೆ ಶಾಲೆ ಬೇರೆ, ಪಂದ್ಯ ಬೇರೆ, ಗೆದ್ದವರ ಟ್ರೋಫಿಯೂ ಬೇರೆ. ಆ ವರ್ಷ ಗೆದ್ದದ್ದು ಸವಾನಾ ಎಂಬ ಬಂದರು ಊರಿನ ಬೀಚ್ ಹೈಸ್ಕೂಲು. ತಂಡದಲ್ಲಿದ್ದವರೆಲ್ಲ ಕಪ್ಪು ಹುಡುಗರೇ. ಅವರಲ್ಲೊಬ್ಬ ಹತ್ತನೇ ತರಗತಿಯ ಲ್ಯಾರಿ ರಿವರ್ಸ್. ಮುಂದೆ ‘ಗೇಟರ್’ ಎಂಬ ಅಡ್ಡಹೆಸರಿನಿಂದಲೇ ಪ್ರಸಿದ್ಧರಾದವರು.

ಕಾಲೇಜು ದಿನಗಳು ಮುಗಿದ ಮೇಲೆ ರಿವರ್ಸ್ ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್ ಸೇರಿದರು. ಲೀಗ್ ಪಟ್ಟಿಯಲ್ಲಿ ಈ ತಂಡದ ಹೆಸರು ಕಾಣುವುದಿಲ್ಲ. ತಿರುಗಾಟಕ್ಕೆ ಹೊರಟ ಯಕ್ಷಗಾನ ಮೇಳದಂತೆ ಊರಿಂದ ಊರಿಗೆ ಹೋಗಿ ಪ್ರದರ್ಶನ ಪಂದ್ಯ ಆಡುವುದೇ ಇದರ ಕಸುಬು. ಬೆರಳ ತುದಿಯಲ್ಲಿ ಚೆಂಡು ತಿರುಗುತ್ತದೆ, ಬೆನ್ನ ಹಿಂದಿನಿಂದ ಪಾಸು ಹಾರುತ್ತದೆ, ನಡುನಡುವೆ ಹಾಸ್ಯವೂ ಇರುತ್ತದೆ. ಹೆಸರಿನಲ್ಲಿ ನ್ಯೂಯಾರ್ಕಿನ ಹಾರ್ಲೆಮ್ ಇದ್ದರೂ ತಂಡ ಹುಟ್ಟಿದ್ದು 1920ರ ದಶಕದ ಷಿಕಾಗೊದಲ್ಲಿ.

ನಗಿಸುವವರೆಂದು ಇವರನ್ನು ಹಗುರವಾಗಿ ಕಾಣುವಂತಿಲ್ಲ. ವೃತ್ತಿಪರ ಬ್ಯಾಸ್ಕೆಟ್‌ಬಾಲಿನ ದೊಡ್ಡ ಲೀಗುಗಳು ಕಪ್ಪು ಆಟಗಾರರಿಗೆ ಬಹುಮಟ್ಟಿಗೆ ಬಾಗಿಲು ಮುಚ್ಚಿದ್ದ ಕಾಲದಲ್ಲಿ, 1948ರ ಫೆಬ್ರುವರಿಯಲ್ಲಿ, ಅಂದಿನ ಬಲಿಷ್ಠ ತಂಡ ಮಿನಿಯಾಪೊಲಿಸ್ ಲೇಕರ್ಸ್ ಅನ್ನು ಗ್ಲೋಬ್‌ಟ್ರಾಟರ್ಸ್ 61–59ರಿಂದ ಸೋಲಿಸಿತು. ಎರಡೇ ವರ್ಷದಲ್ಲಿ ಇದೇ ತಂಡದ ನ್ಯಾಟ್ ಕ್ಲಿಫ್ಟನ್ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ಸೇರಿದರು. ಅಂಥ ಪರಂಪರೆಯಲ್ಲಿ ರಿವರ್ಸ್ ಹದಿನಾರು ವರ್ಷ ಆಟಗಾರರಾಗಿ, ಕೋಚ್ ಆಗಿ ದುಡಿದರು. ಮೆಡೋಲಾರ್ಕ್ ಲೆಮನ್, ಕರ್ಲಿ ನೀಲ್, ಡ್ರಿಬ್ಲಿಂಗ್ ಮಾಂತ್ರಿಕ ಮಾರ್ಕ್ವೆಸ್ ಹೇನ್ಸ್ ಇವರೆಲ್ಲ ಅವರ ಜೊತೆಗಾರರಾಗಿದ್ದರು.

ಆಮೇಲೆ ಅವರು ಸವಾನಾಕ್ಕೆ ಮರಳಿದರು. ‘ಗೇಟರ್‌ಬಾಲ್ ಅಕಾಡೆಮಿ’ಯ ಮೂಲಕ ಊರಿನ ಮಕ್ಕಳಿಗೆ ಆಟ ಕಲಿಸಿದರು. 2020ರಲ್ಲಿ ಚಾಥಮ್ ಕೌಂಟಿ ಆಯೋಗಕ್ಕೆ, ಅಂದರೆ ಸುಮಾರಾಗಿ ನಮ್ಮ ಜಿಲ್ಲಾ ಪಂಚಾಯಿತಿಯಂಥ ಸಂಸ್ಥೆಗೆ, ಆಯ್ಕೆಯಾದರು. ಅಲ್ಲಿ ಅವರು ಕೈಹಾಕಿದ ಕೆಲಸಗಳಲ್ಲಿ ಸಾರ್ವಜನಿಕ ಬ್ಯಾಸ್ಕೆಟ್‌ಬಾಲ್ ಅಂಕಣಗಳ ದುರಸ್ತಿಯೂ ಒಂದು.

ದುರಸ್ತಿ ಎಂದರೆ ಸಣ್ಣ ಕೆಲಸ ಎನಿಸಬಹುದು. ಆದರೆ ನಮ್ಮ ಮಲೆನಾಡಿನ ಕೊಪ್ಪ, ಬಾಳಗಡಿ, ಶೃಂಗೇರಿ ಕಡೆಯ ಹುಡುಗರನ್ನು ಕೇಳಿ. ಎರಡು ಕಂಬ, ಒಂದು ನೆಟ್, ಹದ ಮಾಡಿದ ತುಂಡು ನೆಲವಿದ್ದರೆ ವಾಲಿಬಾಲ್ ನಡೆಯುತ್ತದೆ. ಕಬಡ್ಡಿಗೆ ನೆಟ್ಟೂ ಬೇಡ. ಬ್ಯಾಸ್ಕೆಟ್‌ಬಾಲಿಗೆ 28 ಮೀಟರ್ ಉದ್ದ, 15 ಮೀಟರ್ ಅಗಲದ ಗಟ್ಟಿ, ಸಮತಟ್ಟು ನೆಲ ಬೇಕು, ನೆಲದಿಂದ 3.05 ಮೀಟರ್ ಎತ್ತರದಲ್ಲಿ ಅಲುಗಾಡದ ರಿಂಗ್ ಬೇಕು. ಮಲೆನಾಡಿನ ಮಳೆಗೆ ಕಾಂಕ್ರೀಟಿನ ಮೇಲೂ ಪಾಚಿ ಹಿಡಿಯುತ್ತದೆ, ಕಬ್ಬಿಣಕ್ಕೆ ತುಕ್ಕು ಬರುತ್ತದೆ. ಇದನ್ನು ಕಟ್ಟಿಸುವುದು, ವರ್ಷ ವರ್ಷ ನೋಡಿಕೊಳ್ಳುವುದು ನಾಲ್ಕು ಹುಡುಗರು ಚಂದಾ ಎತ್ತಿದರೆ ಆಗುವ ಮಾತಲ್ಲ. ಆಯವ್ಯಯದ ಸಭೆಯಲ್ಲಿ ಆಟ ಬಲ್ಲವರೊಬ್ಬರು ಕೂತು ಪಟ್ಟು ಹಿಡಿಯಬೇಕು. ರಿವರ್ಸ್ ಆ ಕುರ್ಚಿಯಲ್ಲಿ ಕೂತರು. ಅವಧಿ ಮುಗಿಯುವ ಮೊದಲೇ, 2023ರ ಏಪ್ರಿಲ್ 29ರಂದು, 73ನೇ ವಯಸ್ಸಿನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು.

ಆಟಗಾರರ ಬದುಕನ್ನು ನಾವು ಪದಕದಿಂದಲೇ ಅಳೆಯುತ್ತೇವೆ. ಆ ಅಳತೆಗೆ ಸಿಗದವರು ನಮ್ಮಲ್ಲೂ ಇದ್ದರು. ಕೊಡಗಿನ ಪಾಂಡಂಡ ಕುಟ್ಟಪ್ಪನವರು ಬ್ಯಾಂಕ್ ನೌಕರಿ ಮಾಡುತ್ತ ಹಾಕಿ ತೀರ್ಪುಗಾರರಾಗಿದ್ದವರು. ಕೊಡವ ಕುಟುಂಬಗಳನ್ನೆಲ್ಲ ಒಂದು ಮೈದಾನದಲ್ಲಿ ಸೇರಿಸಬೇಕೆಂದು 1997ರಲ್ಲಿ ಕರಡದಲ್ಲಿ ಹಾಕಿ ಉತ್ಸವ ಆರಂಭಿಸಿದರು. ಮೊದಲ ವರ್ಷ ಬಂದದ್ದು 60 ಕುಟುಂಬಗಳು. ಚುನಾವಣೆ, ಪದವಿ ಯಾವುದೂ ಇಲ್ಲದೆ ಬೆಳೆದ ಆ ಉತ್ಸವವನ್ನು ಪ್ರತಿ ಸಲ ಬೇರೆ ಕುಟುಂಬ ವಹಿಸಿಕೊಂಡು ನಡೆಸುತ್ತದೆ. ಒಂದೇ ತಂಡದಲ್ಲಿ ಹೆಣ್ಣುಮಕ್ಕಳೂ ಗಂಡಸರೂ ಜೊತೆಯಾಗಿ ಆಡುತ್ತಾರೆ. ಕುಟ್ಟಪ್ಪನವರು 2020ರಲ್ಲಿ ತೀರಿಕೊಂಡರು. 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳು ತಂಡ ಕಟ್ಟಿಕೊಂಡು ಬಂದಿದ್ದವು.